ವ್ಯಾಯಾಮದ ನಡುವೆ ಅಳೆದ ಎಚ್‌ಆರ್‌ವಿ: ನನ್ನನ್ನು ಎರಡು ಬಾರಿ ದಾರಿ ತಪ್ಪಿಸಿದ ಅಂಕಿ

ಟ್ರೆಡ್‌ಮಿಲ್ ಪರೀಕ್ಷೆಯ ಜೊತೆಗೆ ಹೃದಯ ಬಡಿತದ ವ್ಯತ್ಯಯವನ್ನೂ, ಅಂದರೆ ಎಚ್‌ಆರ್‌ವಿಯನ್ನೂ, ಅಳೆದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುವ ಮೊದಲು ಇದನ್ನು ಓದಿ. ವರದಿಯ ಒಂದು ಅಂಕಿಗೆ ಹೆದರಿ ನಾನು ನಾಲ್ಕು ತಿಂಗಳು ಓಟ ಬಿಟ್ಟೆ. ಆ ಅಂಕಿ ಸರಿಯಾಗಿಯೇ ಇತ್ತು, ಅದಕ್ಕೆ ಕೊಟ್ಟ ಅರ್ಥ ತಪ್ಪಾಗಿತ್ತು. ಆಮೇಲೆ ಬಂದ ಎರಡನೆಯ ಅಂಕಿ ನನಗೆ ನೆಮ್ಮದಿ ಕೊಟ್ಟಿತು. ಅದು ಪೂರ್ತಿ ಸುಳ್ಳು.

ಹನ್ನೊಂದು ವರ್ಷಗಳಿಂದ ಓಡುತ್ತಿದ್ದೇನೆ. ಎದೆನೋವು, ತಲೆಸುತ್ತು ಯಾವುದೂ ಇರಲಿಲ್ಲ. ವಯಸ್ಸು ನಲವತ್ತೈದು ದಾಟಿತಲ್ಲ, ಒಮ್ಮೆ ನೋಡಿಸಿಬಿಡೋಣ ಎಂದು ದೈಹಿಕ ಸಾಮರ್ಥ್ಯ ಅಳೆಯುವ ಒಂದು ಕೇಂದ್ರಕ್ಕೆ ಹೋದೆ. ಎದೆಗೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಹತ್ತಿಸಿದರು. ಬ್ರೂಸ್ ವಿಧಾನ, ಪ್ರತಿ ಮೂರು ನಿಮಿಷಕ್ಕೆ ವೇಗವೂ ಹೆಚ್ಚುತ್ತದೆ, ಏರೂ ಹೆಚ್ಚುತ್ತದೆ. ಹೃದಯ ನಿಮಿಷಕ್ಕೆ 150 ಬಡಿತದ ಆಸುಪಾಸಿನಲ್ಲಿದ್ದ ಎರಡು ನಿಮಿಷಗಳನ್ನು ಆಯ್ದುಕೊಂಡು ಎಚ್‌ಆರ್‌ವಿ ಲೆಕ್ಕ ಹಾಕಿದ್ದರು. ವರದಿಯಲ್ಲಿ ‘ಆರ್‌ಎಂಎಸ್‌ಎಸ್‌ಡಿ: 4 ಮಿಲಿಸೆಕೆಂಡ್’ ಎಂದು ಕೆಂಪು ಅಕ್ಷರದಲ್ಲಿತ್ತು. ಪಕ್ಕದಲ್ಲಿ ಮುದ್ರಿಸಿದ್ದ ಸಾಮಾನ್ಯ ಮಟ್ಟ ಅದರ ಹಲವು ಪಟ್ಟು.

“ನಿಮ್ಮ ಹೃದಯವನ್ನು ನಿಯಂತ್ರಿಸುವ ನರವ್ಯವಸ್ಥೆ ಬಹಳ ದುರ್ಬಲವಾಗಿದೆ. ಸದ್ಯಕ್ಕೆ ಓಡಬೇಡಿ,” ಎಂದರು ವರದಿ ಕೊಟ್ಟವರು. ನಾನು ಮರುಪ್ರಶ್ನೆ ಕೇಳಲಿಲ್ಲ. ಮೆಟ್ಟಿಲು ಹತ್ತುವಾಗಲೂ ನಾಡಿ ಹಿಡಿದು ಎಣಿಸತೊಡಗಿದೆ. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಎದೆಬಡಿತ ಕಿವಿಗೆ ಕೇಳಿಸಿ ಎದ್ದು ಕೂರುತ್ತಿದ್ದೆ. ಮನೆಯವರಿಗೆ ಕಾರಣ ಹೇಳಲು ಧೈರ್ಯ ಬರಲಿಲ್ಲ.

ಆಗ ನನಗೆ ತಿಳಿದಿರಬೇಕಾಗಿದ್ದ ವಿಷಯ ಇಷ್ಟು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60 ಸಲ ಬಡಿಯುವ ಹೃದಯ ಗಡಿಯಾರದಂತೆ ಸೆಕೆಂಡಿಗೊಮ್ಮೆ ಬಡಿಯುವುದಿಲ್ಲ. ಒಂದು ಅಂತರ 960 ಮಿಲಿಸೆಕೆಂಡ್ ಇದ್ದರೆ ಮುಂದಿನದು 1,010, ಅದರ ಮುಂದಿನದು 1,040. ಉಸಿರು ಒಳಗೆಳೆದಾಗ ಬಡಿತ ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಈ ಏರಿಳಿತದ ಬಹುಪಾಲು, ಮಿದುಳಿನಿಂದ ಹೃದಯಕ್ಕೆ ಬಂದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಕೆಲಸ. ಒಂದರ ಹಿಂದೆ ಒಂದು ಬರುವ ಅಂತರಗಳು ಎಷ್ಟು ಬದಲಾಗುತ್ತವೆ ಎಂಬುದನ್ನು ಆರ್‌ಎಂಎಸ್‌ಎಸ್‌ಡಿ ಹೇಳುತ್ತದೆ. ವ್ಯಾಯಾಮ ಶುರುವಾದೊಡನೆ ಹೃದಯ ವೇಗ ಪಡೆಯುವುದೇ ವೇಗಸ್ ತನ್ನ ಹಿಡಿತ ಸಡಿಲಿಸುವುದರಿಂದ. ಹಿಡಿತ ಸಡಿಲವಾದರೆ ಏರಿಳಿತವೂ ಕುಗ್ಗುತ್ತದೆ. ಬಿರುಸಿನ ವ್ಯಾಯಾಮದಲ್ಲಿ ಅದು ಕೆಲವೇ ಮಿಲಿಸೆಕೆಂಡಿಗೆ ಇಳಿಯುವುದು ಆರೋಗ್ಯವಂತ ಹೃದಯದ ಸಹಜ ನಡೆ. ನುರಿತ ಓಟಗಾರರಲ್ಲೂ ಹಾಗೆಯೇ.

ನನ್ನ ನಾಲ್ಕನ್ನು ಅವರು ಹೋಲಿಸಿದ್ದು ಅಲುಗಾಡದೆ ಮಲಗಿದವರ ಅಂಕಿಗಳೊಂದಿಗೆ. ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಸಮಿತಿಯೊಂದು 1996ರಲ್ಲೇ ಎಚ್‌ಆರ್‌ವಿ ಅಳತೆಯ ಮಾನದಂಡಗಳನ್ನು ಪ್ರಕಟಿಸಿತ್ತು. ಅಲ್ಪಾವಧಿಯ ಅಳತೆಗೆ ಅದು ಹೇಳಿದ್ದು ಸ್ಥಿರ ಸ್ಥಿತಿಯಲ್ಲಿ ದಾಖಲಿಸಿದ ಐದು ನಿಮಿಷ. ಮೂರು ನಿಮಿಷಕ್ಕೊಮ್ಮೆ ಹೊರೆ ಏರುವ ಪರೀಕ್ಷೆಯಲ್ಲಿ ಆ ಸ್ಥಿರತೆ ಎಲ್ಲಿಂದ ಬರಬೇಕು?

ನಾಲ್ಕು ತಿಂಗಳ ನಂತರ ಅದೇ ಕೇಂದ್ರದಲ್ಲಿ ಎರಡನೆಯ ಪರೀಕ್ಷೆ. ಈ ಸಲ ಅಂಕಿ 37, ಹಸಿರು ಬಣ್ಣದಲ್ಲಿ. “ಅದ್ಭುತ ಸುಧಾರಣೆ, ಇನ್ನು ಎಷ್ಟು ಬೇಕಾದರೂ ಓಡಿ,” ಎಂದರು. ಹಿಂತಿರುಗುವಾಗ ದಾರಿಯಲ್ಲಿ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆಯೇ ಓಡಿದೆ.

ಕೊನೆಗೆ ಅಕ್ಕನಿಗೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಸಂತೋಷಪಡಲಿಲ್ಲ. “ಓಡದೇ ಕೂತವರಿಗೆ ಇಷ್ಟು ಸುಧಾರಣೆ ಹೇಗೆ ಬಂತು? ಹೃದ್ರೋಗ ವೈದ್ಯರಿಗೆ ತೋರಿಸು,” ಎಂದು ಹಟ ಹಿಡಿದಳು. ನನಗೆ ಹೊಳೆಯದೇ ಹೋದ ಪ್ರಶ್ನೆ ಅದು.

ವೈದ್ಯರು ವರದಿಯ ಬಣ್ಣಗಳನ್ನು ನೋಡಲೇ ಇಲ್ಲ. “ಇದರ ಮೂಲ ದಾಖಲೆ ಎಲ್ಲಿ?” ಎಂದು ಕೇಳಿದರು. ಎರಡು ಸಲ ಬೇಡಿಕೊಂಡ ಮೇಲೆ ಕೇಂದ್ರದವರು ಬಡಿತಗಳ ನಡುವಿನ ಅಂತರಗಳ ಕಡತ ಕೊಟ್ಟರು. ಇಸಿಜಿ ಗೆರೆಯನ್ನು ಉಳಿಸಿಯೇ ಇರಲಿಲ್ಲ. ವೈದ್ಯರು ಅಂಕಿಗಳ ಮೇಲೆ ಬೆರಳಾಡಿಸುತ್ತ ಹೋದರು. 400, 402, 399... ಥಟ್ಟನೆ 800, ಮತ್ತೆ 400. ಸರಿಯಾಗಿ ಎರಡು ಪಟ್ಟು. “ಇಲ್ಲಿ ಬಹುಶಃ ನಿಮ್ಮ ಹೃದಯ ಬಡಿದಿದೆ, ಪಟ್ಟಿಗೆ ಅದು ಕೇಳಿಸಿಲ್ಲ.” ಇನ್ನೂ ಕೆಳಗೆ 400ರ ನಂತರ 280, ಅದರ ಹಿಂದೆಯೇ 520. ಅವರ ದನಿ ಬದಲಾಯಿತು. “ಇದು ಅಕಾಲಿಕ ಬಡಿತ ಇರಬಹುದು. ಇಸಿಜಿ ಇಲ್ಲದೆ ಹೇಳಲಾರೆ.”

ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಬಹುದು. ಎರಡು ನಿಮಿಷಕ್ಕೆ 300 ಬಡಿತ, ನಿಜವಾದ ಆರ್‌ಎಂಎಸ್‌ಎಸ್‌ಡಿ 4. ಇದರಲ್ಲಿ ಒಂದೇ ಒಂದು ಬಡಿತವನ್ನು ಉಪಕರಣ ಗುರುತಿಸದೆ ಬಿಟ್ಟರೆ ಅಂಕಿ 33ಕ್ಕೆ ಜಿಗಿಯುತ್ತದೆ. ಒಂದೇ ಒಂದು ಅಕಾಲಿಕ ಬಡಿತ ಸೇರಿಕೊಂಡರೆ 17 ಆಗುತ್ತದೆ. ಎರಡೂ ಸೇರಿದರೆ 37. ನನ್ನ ‘ಅದ್ಭುತ ಸುಧಾರಣೆ’ ಒಂದು ಕಳೆದುಹೋದ ಬಡಿತ ಮತ್ತು ಹೊತ್ತಿಗೆ ಮುಂಚೆ ಬಂದ ಒಂದು ಬಡಿತದ ಮೊತ್ತವಾಗಿತ್ತು. ವರ್ಗ ಮಾಡಿ ಕೂಡಿಸುವ ಲೆಕ್ಕವಾದ್ದರಿಂದ ಒಂದು ದೊಡ್ಡ ತಪ್ಪು ಉಳಿದ 299ನ್ನೂ ನುಂಗಿಬಿಡುತ್ತದೆ. ವಿಶ್ರಾಂತಿಯ ಅಳತೆಯಲ್ಲಿ ಅಷ್ಟಾಗಿ ಕಾಣದ ತಪ್ಪು ವ್ಯಾಯಾಮದಲ್ಲಿ ಎಲ್ಲವನ್ನೂ ಬುಡಮೇಲು ಮಾಡುತ್ತದೆ, ಏಕೆಂದರೆ ಅಲ್ಲಿ ನಿಜವಾದ ಏರಿಳಿತ ಅಷ್ಟು ಸಣ್ಣದು.

ತಪ್ಪು ಬಡಿತಗಳನ್ನು ತಂತ್ರಾಂಶವೇ ಸರಿಪಡಿಸುವುದಿಲ್ಲವೇ ಎಂದು ಕೇಂದ್ರದವರನ್ನು ಕೇಳಿದೆ. ಮೊದಲ ಸಲ ಆ ಆಯ್ಕೆಯನ್ನು ಹಾಕಿದ್ದರು, ಎರಡನೆಯ ಸಲ ಹಾಕಿರಲಿಲ್ಲ. ಎರಡು ವರದಿಗಳನ್ನು ಹೋಲಿಸುವ ಮಾತೇ ಅಲ್ಲಿಗೆ ಮುಗಿಯಿತು. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಇನ್ನೊಂದು ವಿಚಾರ: ಆ ಆಯ್ಕೆ ಅಕಾಲಿಕ ಬಡಿತಗಳನ್ನೂ ಅಳಿಸಿ, ಆ ಜಾಗಕ್ಕೆ ಸರಾಸರಿ ಅಂಕಿಯನ್ನು ತುಂಬುತ್ತದೆ. ವೈದ್ಯರ ಕಣ್ಣಿಗೆ ಬೀಳಲೇಬೇಕಾದದ್ದು ವರದಿಯಲ್ಲಿ ಸುಳಿವೂ ಇಲ್ಲದಂತೆ ಮಾಯವಾಗುತ್ತದೆ.

ವೈದ್ಯರು ಹನ್ನೆರಡು ಲೀಡ್‌ಗಳ ಇಸಿಜಿ ಹಾಕಿ ಮತ್ತೆ ಟ್ರೆಡ್‌ಮಿಲ್ ಮಾಡಿಸಿದರು, ಎಕೋ ಮಾಡಿಸಿದರು. ಅಲ್ಲೊಂದು ಇಲ್ಲೊಂದು ಬಿಡಿ ಅಕಾಲಿಕ ಬಡಿತ ಇದೆ, ನಿಮ್ಮ ಮಟ್ಟಿಗೆ ಚಿಂತೆಯಿಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದರು. ಚಿಂತೆ ಇರುವ ಬಗೆಯದಾಗಿದ್ದರೆ? ಹಸಿರು ಬಣ್ಣದ 37 ನನ್ನನ್ನು ಓಡಿಸುತ್ತಲೇ ಇರುತ್ತಿತ್ತು.

ಅವರು ತೋರಿಸಿದ ಮತ್ತೊಂದು ಸಂಗತಿ ಮೊದಲ ವರದಿಯ ಮೂಲೆಯಲ್ಲೇ ಇತ್ತು. ವ್ಯಾಯಾಮ ನಿಲ್ಲಿಸಿದಾಗ ಬಡಿತ 172, ಒಂದು ನಿಮಿಷದ ನಂತರ 141. ಈ ಇಳಿಕೆಯ ಬಗ್ಗೆ 1999ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವಿದೆ. ನಿಧಾನವಾಗಿ ನಡೆಯುತ್ತ ಚೇತರಿಸಿಕೊಳ್ಳುವಾಗ ಮೊದಲ ನಿಮಿಷದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದರೆ ಅದು ಅಪಾಯದ ಸೂಚನೆ ಎಂದು ಅದು ಕಂಡುಕೊಂಡಿತು. ನನ್ನದು ನಡೆಯುತ್ತಲೇ 31 ಇಳಿದಿತ್ತು. ವೇಗಸ್ ನರ ಚೆನ್ನಾಗಿ ಮರಳಿ ಬಂದಿದೆ ಎಂಬ ಮಾತು ಅದೇ ಹಾಳೆಯಲ್ಲಿದ್ದರೂ ನನಗೆ ಯಾರೂ ಹೇಳಲಿಲ್ಲ.

ವರದಿಯಲ್ಲಿ ಎಲ್‌ಎಫ್–ಎಚ್‌ಎಫ್ ಅನುಪಾತ ಎಂಬುದೂ ಇತ್ತು, ಅಂದರೆ ಬಡಿತದ ನಿಧಾನ ಏರಿಳಿತಗಳಿಗೂ (ಎಲ್‌ಎಫ್) ಉಸಿರಿನ ಲಯದ ಚುರುಕು ಏರಿಳಿತಗಳಿಗೂ (ಎಚ್‌ಎಫ್) ಇರುವ ಅನುಪಾತ, ‘ತೀವ್ರ ಒತ್ತಡ’ ಎಂಬ ಷರಾದೊಂದಿಗೆ. ಎಚ್‌ಎಫ್ ಪಟ್ಟೆಯ ಮೇಲಿನ ಮಿತಿ 0.40 ಹರ್ಟ್ಜ್, ಅಂದರೆ ನಿಮಿಷಕ್ಕೆ 24 ಉಸಿರು. ಏದುಸಿರು ಬಿಡುವಾಗ 45 ಉಸಿರು ತೆಗೆದುಕೊಂಡರೆ ಉಸಿರಿನ ಪ್ರಭಾವ ಆ ಪಟ್ಟೆಯಿಂದ ಹೊರಗೇ ಬೀಳುತ್ತದೆ. ಅಷ್ಟೇ ಅಲ್ಲ, ಬಿರುಸಿನ ವ್ಯಾಯಾಮದಲ್ಲಿ ಉಳಿಯುವ ಅಲ್ಪ ಏರಿಳಿತಕ್ಕೆ ಉಸಿರಾಟದಿಂದ ಹೃದಯದ ಮೇಲೆ ಬೀಳುವ ಎಳೆತವೂ ಕಾರಣ. ನರಸಂಪರ್ಕ ಕಡಿದ ಕಸಿ ಹೃದಯಗಳಲ್ಲೂ ಅದು ಸಣ್ಣ ಪ್ರಮಾಣದಲ್ಲಿ ಕಾಣಿಸುತ್ತದೆ. ಅದನ್ನು ಮನಸ್ಸಿನ ಒತ್ತಡ ಎಂದು ಓದಿ ಹೇಳುವವರನ್ನು ನಂಬಬೇಡಿ.

ಪರೀಕ್ಷೆಗೆ ಮೊದಲೇ ಕೇಳಿ: ಇಸಿಜಿ ಗೆರೆಯನ್ನು ಉಳಿಸಿ ಕೊಡುತ್ತೀರಾ? ಎಷ್ಟು ಬಡಿತಗಳನ್ನು ತಿದ್ದಲಾಗಿದೆ ಎಂದು ಬರೆಯುತ್ತೀರಾ? ಹೋಲಿಕೆಯ ಮಟ್ಟ ಯಾವ ಸ್ಥಿತಿಯದು? ಉತ್ತರ ತಡವರಿಸಿದರೆ ಎಚ್‌ಆರ್‌ವಿ ಭಾಗ ಬೇಡ ಎನ್ನಿ. ಎದೆಪಟ್ಟಿಯಾದರೆ ವಿದ್ಯುದ್ವಾರಗಳನ್ನು ಒದ್ದೆ ಮಾಡಿಸಿಕೊಳ್ಳಿ. ಬೆವರು ಬರುವ ಮೊದಲು ಒಣ ಪಟ್ಟಿ ಬಡಿತಗಳನ್ನು ಬಿಡುತ್ತದೆ. ಕೈ ಬೀಸುವಾಗ ಮಣಿಕಟ್ಟಿನ ಗಡಿಯಾರದಿಂದ ಬಂದ ಎಚ್‌ಆರ್‌ವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಓಡುವಾಗ ಎದೆ ಬಿಗಿದರೆ ಅಥವಾ ಕಣ್ಣು ಕತ್ತಲೆ ಬಂದರೆ ಯಾವ ಅಂಕಿಗೂ ಕಾಯದೆ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಕೇಂದ್ರಕ್ಕೆ ಎಲ್ಲವನ್ನೂ ವಿವರಿಸಿ ಪತ್ರ ಬರೆದೆ. ವಿಷಾದ ಸೂಚಿಸಿ ಉತ್ತರ ಬಂತು. ಕಳೆದ ವಾರ ಗೆಳೆಯರೊಬ್ಬರು ಅಲ್ಲಿಂದ ತಂದ ವರದಿಯನ್ನು ನನಗೆ ತೋರಿಸಿದರು: ಆರ್‌ಎಂಎಸ್‌ಎಸ್‌ಡಿ 5, ಕೆಂಪು ಅಕ್ಷರ, ಪಕ್ಕದಲ್ಲಿ ಮಲಗಿದವರ ಅದೇ ಮಟ್ಟ.