ಕುದುರೆ ಹೊದಿಕೆ: ನಾಲ್ಕು ಚಳಿಗಾಲ ಬಳಸಿ ನೋಡಿದ ಮೇಲೆ

ನನ್ನ ಹತ್ತಿರ ಇರುವುದು ಎರಡೇ ಕುದುರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗಂಗಾ, ಮಾರವಾಡಿ ತಳಿಯ ಹೆಣ್ಣು ಕುದುರೆ, ಮದುವೆ ಮೆರವಣಿಗೆಗೆ ಹೋಗುತ್ತಾಳೆ. ಇನ್ನೊಂದು ಬಾದಲ್, ಇಪ್ಪತ್ತು ದಾಟಿದ ಮುದುಕ. ಅಪ್ಪನ ಜೊತೆ ಗೋಳಗುಮ್ಮಟದ ಮುಂದೆ ಟಾಂಗಾ ಎಳೆದವನು, ಈಗ ಲಾಯದಲ್ಲಿ ನಿಂತು ಬೈಯುವುದೊಂದೇ ಅವನ ಕೆಲಸ. ಊರು ವಿಜಯಪುರ. 2021ರ ನವೆಂಬರಿನಿಂದ ಇಲ್ಲಿಯವರೆಗೆ ಐದು ಹೊದಿಕೆ ಕೊಂಡಿದ್ದೇನೆ. ಎರಡು ಇನ್ನೂ ಕೆಲಸ ಮಾಡುತ್ತಿವೆ. ಒಂದು ಕೋಳಿಗೂಡಿನ ಮೇಲಿದೆ, ಒಂದರ ಪಟ್ಟಿ ಕೊಂಡಿ ಕಿತ್ತಿಟ್ಟುಕೊಂಡು ಉಳಿದದ್ದನ್ನು ಬಿಸಾಕಿದೆ, ಇನ್ನೊಂದನ್ನು ಖಾನಾಪುರದ ಗೆಳೆಯನಿಗೆ ಕೊಟ್ಟೆ.

ಮೊದಲನೆಯದರ ಕಥೆ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಮಾಡುವ ತಪ್ಪೇ ಅದು. ನಮಗೆ ರಜಾಯಿ ಕೊಳ್ಳುವ ಹಾಗೆ ಕುದುರೆಗೂ ಕೊಂಡೆ. ದಪ್ಪ ಇದ್ದಷ್ಟೂ ಒಳ್ಳೆಯದು, ದೊಡ್ಡದಿದ್ದಷ್ಟೂ ಒಳ್ಳೆಯದು. ಆನ್‌ಲೈನಿನಲ್ಲಿ 4,200 ರೂಪಾಯಿ, ಒಳಗೆ 300 ಗ್ರಾಂ ಹತ್ತಿಯಂಥದ್ದು ತುಂಬಿದ್ದು, ಸೈಜು 'ಲಾರ್ಜ್'. 300 ಗ್ರಾಂ ಅಂದರೆ ಇಡೀ ಹೊದಿಕೆಯ ತೂಕ ಅಲ್ಲ, ಒಂದು ಚದರ ಮೀಟರಿಗೆ ಅಷ್ಟು ಪಾಲಿಯೆಸ್ಟರ್ ನಾರು ತುಂಬಿದ್ದಾರೆ ಅಂತ. ಹಿಮ ಬೀಳುವ ಊರಿಗೆ ಮಾಡಿದ ಸಾಮಾನು ಅದು. ಮೊದಲ ರಾತ್ರಿ ಹತ್ತು ಗಂಟೆಗೆ ಹೋಗಿ ಹೊದಿಕೆಯ ಕೆಳಗೆ ಕೈ ಹಾಕಿದರೆ ಗಂಗಾಳ ಭುಜದ ಹಿಂದೆ ಪೂರ್ತಿ ಒದ್ದೆ. ಬೆವರು. ಹೊರಗೆ ನನಗೆ ಸ್ವೆಟರ್ ಬೇಕಾಗಿತ್ತು, ಒಳಗೆ ಅವಳಿಗೆ ಬೇಸಿಗೆ.

ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 10–12 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ನಮಗೆ ಅದು ಗಡಗಡ ಚಳಿ. ಕುದುರೆಗೆ ಅಲ್ಲ. ಆರೋಗ್ಯವಾಗಿರುವ, ಹೊಟ್ಟೆ ತುಂಬ ಮೇವು ತಿಂದ ಕುದುರೆ ಸುಮಾರು 5 ಡಿಗ್ರಿಯವರೆಗೂ ತನ್ನ ಮೈ ತಾನೇ ನೋಡಿಕೊಳ್ಳುತ್ತದೆ. ರಾತ್ರಿ ತಿಂದ ಕಣಿಕೆ ಹೊಟ್ಟೆಯಲ್ಲಿ ಹುದುಗುವಾಗಲೇ ಶಾಖ ಹುಟ್ಟುತ್ತದೆ, ಚಳಿಗಾಲದ ಕೂದಲು ನಿಮಿರಿ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಅದರ ಮೇಲೆ ಭಾರದ ಹೊದಿಕೆ ಹಾಕಿದರೆ ಆ ಕೂದಲು ಚಪ್ಪಟೆ, ಇದ್ದ ಹೊದಿಕೆಯನ್ನು ನಾವೇ ಕಿತ್ತುಕೊಂಡ ಹಾಗೆ. ಹಾಗಾದರೆ ಯಾರಿಗೆ ಬೇಕು? ಬಾದಲ್‌ನಂಥ ಮುದುಕರಿಗೆ, ಮೈ ಇಳಿದವುಗಳಿಗೆ, ಕೂದಲು ಕತ್ತರಿಸಿದವುಗಳಿಗೆ, ಮಳೆಯಲ್ಲಿ ನೆನೆಯುವವುಗಳಿಗೆ. ಗಂಗಾಳಿಗೆ ಬೇಕಾದದ್ದು ಒಳಗೆ ಏನೂ ತುಂಬದ ತೆಳು ಹೊದಿಕೆ ಮಾತ್ರ, ಅದೂ ಮೆರವಣಿಗೆಯಿಂದ ರಾತ್ರಿ ತಡವಾಗಿ ಟೆಂಪೋದಲ್ಲಿ ವಾಪಸು ಬರುವಾಗ ಗಾಳಿ ಹೊಡೆಯದ ಹಾಗೆ.

ಬೆವರು ಬಿಡಿ, ಅಳತೆ ಇನ್ನೂ ಕೆಟ್ಟ ಕೆಲಸ ಮಾಡಿತು. ದೊಡ್ಡದಾದರೆ ಸಡಿಲವಾಗಿರುತ್ತದೆ, ಉಜ್ಜುವುದಿಲ್ಲ ಅಂತ ಅನಿಸುತ್ತದೆ ಅಲ್ವಾ? ಉಲ್ಟಾ. ದೊಡ್ಡ ಹೊದಿಕೆ ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಜಾರಿದಾಗ ಅದರ ಪೂರ್ತಿ ತೂಕ ಕುತ್ತಿಗೆ ಬೆನ್ನಿಗೆ ಸೇರುವ ಕಡೆ ಹೆಗಲ ಮೇಲಿರುವ ಉಬ್ಬಿಗೂ ಭುಜದ ಮುಂಭಾಗಕ್ಕೂ ಜೋತುಬೀಳುತ್ತದೆ. ಮೂರು ವಾರಕ್ಕೆ ಗಂಗಾಳ ಎರಡೂ ಭುಜದ ಮೇಲೆ ಅಂಗೈ ಅಗಲ ಕೂದಲು ಸವೆದು ಹೋಗಿತ್ತು, ಹೆಗಲ ಮೇಲೆ ಸಣ್ಣ ಹುಣ್ಣು. ಹುಣ್ಣು ವಾಸಿಯಾಯಿತು, ಆದರೆ ಆ ಜಾಗದಲ್ಲಿ ಬಂದ ಕೂದಲು ಬಿಳಿ. ಕಂದು ಕುದುರೆಯ ಮೇಲೆ ಎಂಟಾಣೆಯಷ್ಟು ಬಿಳಿ ಚುಕ್ಕೆ. ಮೆರವಣಿಗೆ ದಿನ ಜೀನಿನ ಕೆಳಗೆ ಮುಚ್ಚಿಹೋಗುತ್ತದೆ, ಮದುಮಗನಿಗೆ ಕಾಣುವುದಿಲ್ಲ. ಮೈ ತಿಕ್ಕುವಾಗ ನನಗೆ ಕಾಣುತ್ತದೆ.

ಆಮೇಲೆ ಅಳತೆ ತೆಗೆಯುವುದನ್ನು ಕಲಿತೆ. ದರ್ಜಿ ಟೇಪು 60 ಇಂಚು, ಕುದುರೆಗೆ ಸಾಲದು. ನಾನು ಹುರಿ ಬಳಸುತ್ತೇನೆ. ಸಮ ನೆಲದಲ್ಲಿ ನಾಲ್ಕೂ ಕಾಲು ನೆಟ್ಟಗೆ ಊರಿ ನಿಲ್ಲಿಸಿ, ಹುರಿಯ ಒಂದು ತುದಿ ಎದೆಯ ನಟ್ಟನಡುವೆ, ಕುತ್ತಿಗೆ ಎದೆಗೆ ಸೇರುವ ಕಡೆ ಹಿಡಿಯಬೇಕು. ಅಲ್ಲಿಂದ ಭುಜದ ಅತಿ ಉಬ್ಬಿದ ಜಾಗದ ಮೇಲೆ ಹಾಯಿಸಿ, ಪಕ್ಕೆಯ ಗುಂಟ ನೆಲಕ್ಕೆ ಸಮವಾಗಿ, ಹಿಂದೆ ತೊಡೆಯ ಮೇಲೆ ಕೈಗೆ ಸಿಗುವ ಎಲುಬಿನ ತುದಿಯವರೆಗೆ. ಇಬ್ಬರು ಬೇಕು. ನಡುವೆ ಕುದುರೆ ಒಂದು ಕಾಲು ಎತ್ತಿದರೆ ಮತ್ತೆ ಮೊದಲಿನಿಂದ. ಗಂಗಾಳದು 71 ಇಂಚು ಬಂತು, 72 ತೆಗೆದುಕೊಂಡೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಕೆಲವರು ಇಂಚು ಬರೆಯುತ್ತಾರೆ, ಕೆಲವರು ಅಡಿ-ಇಂಚು, ಯುರೋಪಿನ ಕಡೆಯ ಮಾಲಿನ ಮೇಲೆ ಸೆಂಟಿಮೀಟರ್ ಇರುತ್ತದೆ. ಆ ಸೆಂಟಿಮೀಟರ್ ಎದೆಯಿಂದ ಅಳೆದದ್ದಲ್ಲ, ಬೆನ್ನ ಮೇಲೆ ಹೆಗಲಿನಿಂದ ಬಾಲದ ಬುಡದವರೆಗಿನದು. 72 ಇಂಚಿನ ಕುದುರೆಗೆ ಹೆಚ್ಚುಕಡಿಮೆ 135ರ ಹೊದಿಕೆ ಆಗುತ್ತದೆ. ಅದನ್ನು ತಿಳಿಯದೆ 135ನ್ನು ಇಂಚಿಗೆ ತಿರುಗಿಸಿದರೆ 53 ಬರುತ್ತದೆ, 'ಅಯ್ಯೋ ಇದು ಕತ್ತೆಮರಿಗೆ' ಅಂತ ಬಿಟ್ಟುಬಿಡುತ್ತೀರಿ. ಇಲ್ಲಾ 72 ಇಂಚನ್ನು 183 ಸೆಂಟಿಮೀಟರ್ ಮಾಡಿಕೊಂಡು ಅಷ್ಟು ದೊಡ್ಡದನ್ನು ಹುಡುಕುತ್ತಾ ಕೂರುತ್ತೀರಿ. ನಾನು ಕೂತಿದ್ದೆ.

ಅಳತೆ ಸರಿಯಿದ್ದರೂ ಕತ್ತರಿಸಿದ ರೀತಿ ಬೇರೆ ಇರುತ್ತದೆ. ಗಂಗಾಳ ಎದೆ ಕಿರಿದು, ಕುತ್ತಿಗೆ ಮೇಲಕ್ಕೆ ಎದ್ದಿದೆ. ಅಗಲ ಎದೆಯ ಕುದುರೆಗೆ ಕತ್ತರಿಸಿದ ಹೊದಿಕೆ ಇವಳ ಮೇಲೆ ಮುಂದೆ ಜೋಳಿಗೆಯ ಹಾಗೆ ತೂಗುತ್ತದೆ. ಹಾಕಿದ ಮೇಲೆ ಹೆಗಲ ಉಬ್ಬಿನ ಕೆಳಗೆ ಅಂಗೈ ಸಲೀಸಾಗಿ ಹೋಗಬೇಕು, ಬಾಲದ ಬುಡಕ್ಕೆ ಮುಗಿಯಬೇಕು, ಹೊಟ್ಟೆಯ ಪಟ್ಟಿಗೂ ಹೊಟ್ಟೆಗೂ ನಡುವೆ ಅಂಗೈ ಅಗಲ ಜಾಗ ಇರಬೇಕು. ಇದೆಲ್ಲ ನಿಂತಾಗ. ನಿಜವಾದ ಪರೀಕ್ಷೆ ನೆಲಕ್ಕೆ ಒಂದು ಹಿಡಿ ಮೇವು ಹಾಕುವುದು. ತಲೆ ಬಗ್ಗಿಸಿ, ಒಂದು ಕಾಲು ಮುಂದಿಟ್ಟು ತಿನ್ನುವಾಗ ಭುಜದ ಮೇಲೆ ಬಟ್ಟೆ ಬಿಗಿದು ಗೆರೆ ಎದ್ದರೆ ವಾಪಸು ಕಳಿಸಿ. ಭುಜದ ಹತ್ತಿರ ಮಡಿಕೆ ಬಿಟ್ಟು ಹೊಲಿದದ್ದು ಸಿಕ್ಕರೆ ನೂರಿನ್ನೂರು ಜಾಸ್ತಿ ಆದರೂ ಅದನ್ನೇ ತೆಗೆದುಕೊಳ್ಳಿ.

ವಾಪಸು ಕಳಿಸಿ ಅಂದೆ, ಅದೂ ಸುಲಭ ಇಲ್ಲ. ಒಬ್ಬ ಮಾರಾಟಗಾರ ನಾಲ್ಕು ಕೂದಲು ಅಂಟಿದ ಫೋಟೋ ಕಳಿಸಿ 'ಬಳಸಿದ ಮಾಲು, ಬದಲಿಸುವುದಿಲ್ಲ' ಅಂದ. ಹಾಕಿ ನೋಡದೆ ಕುದುರೆಗೆ ಆಗುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು ಸ್ವಾಮಿ? ಆವತ್ತಿನಿಂದ ಮೊದಲು ಒಗೆದ ಹಳೆ ಚಾದರ ಹೊದಿಸಿ, ಅದರ ಮೇಲೆ ಹೊಸ ಹೊದಿಕೆ ಹಾಕಿ ನೋಡುತ್ತೇನೆ. ಚೀಟಿಯನ್ನೂ ಕೀಳುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ ಎಲ್ಲರೂ ಡೀನಿಯರ್ ಕೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. 600 ಅಂದರೆ ಅಷ್ಟು ಉದ್ದದ ನೂಲಿಗೆ 600 ಗ್ರಾಂ. ಅಂಕಿ ಜಾಸ್ತಿ ಆದಂತೆ ನೂಲು ದಪ್ಪ, ಬಟ್ಟೆ ಹರಿಯುವುದು ಕಡಿಮೆ. ಬೆಚ್ಚಗಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅಂಗಡಿಯವರೂ ಕೆಲವರು ಇದನ್ನು ಕಲಸುಮೇಲೋಗರ ಮಾಡುತ್ತಾರೆ. ಲಾಯದಲ್ಲೇ ನಿಲ್ಲುವ ಕುದುರೆಗೆ 600 ಸಾಕು. ಜಾಲಿಕಂಟಿಗೆ ಮೈ ತಿಕ್ಕುವ, ಜೊತೆಗಾರನ ಹೊದಿಕೆ ಹಲ್ಲಿನಲ್ಲಿ ಎಳೆಯುವ ಕುದುರೆ ಇದ್ದರೆ 1200. ನನ್ನ ಎರಡನೆಯ ಹೊದಿಕೆ 1200ರದು, 9,500 ಕೊಟ್ಟೆ, ಮೂರು ವರ್ಷ ಆಯಿತು, ಮೇಲ್ಬಟ್ಟೆಗೆ ಒಂದು ತೂತು ಬಿದ್ದಿಲ್ಲ.

ಆದರೆ ಅದೇ ಹೊದಿಕೆಯ ಎದೆಪಟ್ಟಿ ಹತ್ತನೇ ತಿಂಗಳಿಗೆ ಕಿತ್ತು ಬಂತು. ಟ್ರ್ಯಾಕ್ಟರ್ ಹುಡ್, ತಾಡಪತ್ರಿ ಹೊಲಿಯುವ ಕಾಕಾ ಒಬ್ಬರಿದ್ದಾರೆ, ಅವರ ಹತ್ತಿರ ಒಯ್ದೆ. ಕನ್ನಡಕ ಹಣೆಗೇರಿಸಿ, ಹೊಲಿಗೆಯ ದಾರವನ್ನು ಉಗುರಿನಲ್ಲಿ ಎತ್ತಿ ನೋಡಿದರು. ಎಳೆದರು, ಸರ್ ಅಂತ ಮೂರಿಂಚು ಬಿಚ್ಚಿಕೊಂಡಿತು. "ತಮ್ಮಾ, ಬಟ್ಟಿ ಹತ್ತ ವರ್ಷದ್ದು ಐತಿ, ದಾರ ಹತ್ತ ತಿಂಗಳದ್ದು" ಅಂದರು. ಪಟ್ಟಿಯ ಬುಡಕ್ಕೆ ಒಳಗಿನಿಂದ ಒಂದು ತುಂಡು ದಪ್ಪ ಬಟ್ಟೆ ಇಟ್ಟು, ನೈಲಾನ್ ದಾರದಲ್ಲಿ ಚೌಕ ಹೊಲಿದು, ಚೌಕದೊಳಗೆ ಅಡ್ಡಡ್ಡ ಹೊಲಿದರು. 120 ರೂಪಾಯಿ. ಈಗ ಹೊಸ ಹೊದಿಕೆ ಬಂದರೆ ಕುದುರೆಗಿಂತ ಮೊದಲು ಕಾಕಾನ ಅಂಗಡಿಗೆ ಹೋಗುತ್ತದೆ. ಕೊಳ್ಳುವಾಗ ನೀವೂ ಬಟ್ಟೆ ಸವರಿ ನೋಡುವುದನ್ನು ಬಿಟ್ಟು ಪಟ್ಟಿಯ ಬುಡ ತಿರುವಿ ನೋಡಿ. ಒಂದೇ ಸಾಲು ಹೊಲಿಗೆ ಇದ್ದರೆ ರಿಪೇರಿ ದುಡ್ಡನ್ನೂ ಸೇರಿಸಿ ಬೆಲೆ ಲೆಕ್ಕ ಹಾಕಿ.

ಹಿಂಗಾಲಿನ ಪಟ್ಟಿ ಮಾತ್ರ ಬೇರೆ ಲೆಕ್ಕ. ಹೋದ ವರ್ಷ ಅಕ್ಕನ ಮಗ ರಜೆಗೆ ಬಂದವನು, ಸಹಾಯ ಮಾಡುತ್ತೇನೆ ಅಂತ ಬೆಳಿಗ್ಗೆ ಹೊದಿಕೆ ತೆಗೆಯಲು ಹೋಗಿ ಎದೆಯ ಕೊಂಡಿ ಮೊದಲು ಬಿಚ್ಚಿದ, ಆಮೇಲೆ ಹೊಟ್ಟೆಯದು. ಹಿಂಗಾಲಿನದು ಹಾಗೇ ಇತ್ತು. ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಬುಲೆಟ್ಟು ಢಬ್ ಅಂತು. ಗಂಗಾ ಮುಂದೆ ನೆಗೆದಳು, ಹೊದಿಕೆ ಬೆನ್ನಿನಿಂದ ಜಾರಿ ಹಿಂಗಾಲಿಗೆ ಸುತ್ತಿಕೊಂಡಿತು, ಅದನ್ನು ಒದೆಯುತ್ತಾ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಮೂರನೇ ಒದೆತಕ್ಕೆ ಕಾಲಿನ ಪಟ್ಟಿ ತುಂಡಾಯಿತು. ಅದು ತುಂಡಾಗಿದ್ದಕ್ಕೇ ಗೀರುಗಾಯದಲ್ಲಿ ಮುಗಿಯಿತು. ಹುಡುಗ ಒಂದು ವಾರ ಲಾಯದ ಕಡೆ ಸುಳಿಯಲಿಲ್ಲ, ಬೈಯಲೂ ಮನಸ್ಸು ಬರಲಿಲ್ಲ, ನಾನೇ ಹೇಳಿಕೊಟ್ಟಿರಲಿಲ್ಲ. ತೆಗೆಯುವಾಗ ಹಿಂಗಾಲಿನದು ಮೊದಲು, ಹೊಟ್ಟೆಯದು ಆಮೇಲೆ, ಎದೆಯದು ಕೊನೆಗೆ. ಈಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಕಾಕಾನಿಗೂ ಹೇಳಿದ್ದೇನೆ, ಕಾಲಿನ ಪಟ್ಟಿಗೆ ಮಾತ್ರ ನಿಮ್ಮ ಚೌಕದ ಹೊಲಿಗೆ ಬೇಡ, ಅದು ಬೇಕಾದಾಗ ಹರಿಯಲಿ ಅಂತ. ಅವರಿಗೆ ಅದು ಸರಿ ಬರಲಿಲ್ಲ, "ಹರಿಯಾಕ ಹೊಲಿಯೋದೇನ್ರೀ?" ಅಂದರು.

ನೊಣದ ಜಾಳಿಗೆ ಹೊದಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬೇಕೇಬೇಕು, ಕಚ್ಚುವ ಕುದುರೆನೊಣ ಸುಮ್ನೆ ಕಾಟ ಅಷ್ಟೇ ಅಲ್ಲ, ಸರ್ರಾ ಅನ್ನುವ ರಕ್ತದ ರೋಗವನ್ನೂ ಹರಡುತ್ತದೆ. 1,400ಕ್ಕೆ ತಂದ ಅಗ್ಗದ ಜಾಳಿಗೆ ಒಂದೇ ಮಳೆಗಾಲಕ್ಕೆ ಚಿಂದಿ. ಪಟ್ಟಿ ಕೊಂಡಿ ಕಿತ್ತಿಟ್ಟುಕೊಂಡೆ ಅಂದದ್ದು ಇದರದೇ. ಜೊತೆಗೆ ಬಂದ ಮುಖದ ಮುಸುಕು ಮೊದಲ ದಿನದಿಂದಲೇ ದಂಡ. ಮಾರವಾಡಿ ಕುದುರೆಯ ಕಿವಿ ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುತ್ತವೆ, ಮುಸುಕಿನ ಕಿವಿಚೀಲ ನೇರ ಕಿವಿಗೆ ಹೊಲಿದದ್ದು. ಗಂಗಾ ಅದನ್ನು ಐದು ನಿಮಿಷವೂ ಇಟ್ಟುಕೊಳ್ಳಲಿಲ್ಲ.

ಖಾನಾಪುರಕ್ಕೆ ಹೋದದ್ದು ಬೆವರು ಹೀರುವ ಉಣ್ಣೆಯಂಥ ಮೃದು ಬಟ್ಟೆಯದು. ನಮ್ಮ ಒಣ ಹವೆಯಲ್ಲಿ ಕುದುರೆಯನ್ನು ಹತ್ತು ನಿಮಿಷ ನಡೆಸಿದರೆ ಬೆವರು ತಾನೇ ಆರುತ್ತದೆ. ಅವನ ಊರಿನ ಮಳೆಗೆ ಅದೂ ಬೇಕು, ನೀರು ನಿಲ್ಲಿಸುವ ಮೇಲ್ಹೊದಿಕೆಯೂ ಬೇಕು. ಬೆಳಗಾವಿಯಿಂದ ಪಶ್ಚಿಮಕ್ಕೆ ಇರುವವರು ನನ್ನ ಮಾತನ್ನು ಪೂರ್ತಿ ನಂಬಬೇಡಿ, ನಿಮ್ಮ ಮಳೆಯೇ ಬೇರೆ.

ಕೋಳಿಗೂಡಿಗೆ ಹೋದದ್ದು ಆ ಮೊದಲನೆಯದೇ. ಬೇಸಿಗೆಯಲ್ಲಿ ಅರ್ಧ ಹಸಿ ಇದ್ದಾಗಲೇ ಮಡಚಿ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೆ, ಮೇ ತಿಂಗಳ 40 ಡಿಗ್ರಿ ಬಿಸಿಲು. ತೆಗೆದು ನೋಡಿದರೆ ಒಳಗಿನ ನೀರು ತಡೆಯುವ ಲೇಪ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬಿಸಿನೀರು, ಜಾಸ್ತಿ ಸೋಪಿನ ಪುಡಿ ಹಾಕಿ ಒಗೆದದ್ದೂ ಕಾರಣ. ಈಗ ಒಣಗಿದ ಕೆಸರನ್ನು ಬ್ರಷ್ಷಿನಲ್ಲಿ ಉದುರಿಸಿ ತಣ್ಣೀರು ಹೊಡೆಯುತ್ತೇನೆ, ನೆರಳಲ್ಲಿ ಎರಡು ದಿನ ಒಣಗಿಸಿ ಮನೆಯೊಳಗೇ ಇಡುತ್ತೇನೆ. ಮನೆಯವಳು ವಾಸನೆ ಅಂತಾಳೆ, ಇರಲಿ.

ಕೊನೆಯದು ನನ್ನ ಮೆಚ್ಚಿನದು, ಯಾವ ಕಂಪನಿಯದೂ ಅಲ್ಲ. ಬಾದಲ್‌ಗೆ ನಮ್ಮ ಕಡೆಯ ಕರಿ ಕಂಬಳಿ ತಂದು ಎತ್ತಿನ ಜೂಲಿನ ಹಾಗೆ ಹೊಲಿಸಿದೆ. ದಖನಿ ಕುರಿಯ ಉಣ್ಣೆ ಒರಟು, ಆದರೆ ಸ್ವಲ್ಪ ಹಸಿಯಾದರೂ ಬೆಚ್ಚಗೇ ಇರುತ್ತದೆ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ತಟ್ಟಿನ ಹಾಗೆ ಸೆಟೆದಿತ್ತು. ಎರಡು ಸಲ ನೆನೆಸಿ ಹಿಂಡಿದ ಮೇಲೆ ಮೈಗೆ ಕೂತಿತು. ಹೆಗಲು, ಭುಜದ ಕಡೆ ಒಳಗೆ ಹಳೆ ಧೋತರದ ಅಸ್ತರ್ ಕೊಡಿಸಿದೆ, ಇಲ್ಲದಿದ್ದರೆ ಆ ಒರಟಿಗೆ ಕೂದಲು ಉಳಿಯುವುದಿಲ್ಲ. ಕಂಬಳಿ, ಪಟ್ಟಿ, ಕೊಂಡಿ, ಹೊಲಿಗೆ ಎಲ್ಲಾ ಸೇರಿ 2,300. ದೋಷ ಇಲ್ಲ ಅಂತಲ್ಲ. ಹೊಟ್ಟು ಅಂಟಿದರೆ ಬಿಡುವುದಿಲ್ಲ, ಜೋರು ಮಳೆಗೆ ನೆಂದರೆ ಕುದುರೆಗಿಂತ ಅದೇ ಭಾರ. ಲಾಯದೊಳಗೆ ಮಾತ್ರ ಹಾಕುವುದು.

ಈ ನವೆಂಬರಿನಲ್ಲಿ ಹೊದಿಸಿದಾಗ ಎದೆಯ ಮುಂದೆ ಮುಷ್ಟಿ ಹೋಗುವಷ್ಟು ಸಡಿಲ ಕಂಡಿತು. ಕಂಬಳಿ ಹಿಗ್ಗಿದೆ ಅಂದುಕೊಂಡೆ. ಹುರಿ ಹಿಡಿದು ಅಳೆದರೆ ಬಾದಲ್‌ನೇ ಒಂದೂವರೆ ಇಂಚು ಇಳಿದಿದ್ದಾನೆ. ಹುರುಳಿ ಬೇಯಿಸಿ ಹಾಕುತ್ತಿದ್ದೇನೆ, ಹಲ್ಲು ತೋರಿಸಲು ಡಾಕ್ಟರಿಗೆ ಹೇಳಿದ್ದೇನೆ. ಕಂಬಳಿ ಕಾಕಾನ ಹತ್ತಿರ ಇದೆ, ಎದೆಯ ಕೊಂಡಿ ಒಳಗೆ ಸರಿಸಿ ಭಾನುವಾರ ಕೊಡುತ್ತಾರಂತೆ. ಹಳೆ ಕೊಂಡಿ ಕೀಳಬೇಡಿ, ಅಲ್ಲೇ ಇರಲಿ ಅಂದಿದ್ದೇನೆ.