ಪೆಲೆಟ್ ಒಲೆ, ಎರಡು ವರ್ಷದ ಬಳಕೆ: ಜಾಲರಿಗೆ ಕಿಟ್ಟ, ಬಕೆಟ್ಟಿಗೆ ಇದ್ದಿಲು

ಮೇಲಿನಿಂದ ಬೆಂಕಿ ಹಚ್ಚುವ, ಅಡಿಯಲ್ಲಿ ಪುಟ್ಟ ಫ್ಯಾನ್ ಇರುವ ಗ್ಯಾಸಿಫೈಯರ್ ಒಲೆ ಇದು: ಪೆಲೆಟ್ (ಹೊಟ್ಟು, ಹುಲ್ಲು ಒತ್ತಿ ಮಾಡಿದ ಉರುವಲು ಗುಳಿಗೆ) ಕಾದು ಬಿಡುವ ಅನಿಲವೇ ಇದರಲ್ಲಿ ಉರಿಯುತ್ತದೆ. ಎಷ್ಟು ವ್ಯಾಟ್, ಎಷ್ಟು ತೂಕ ಎಲ್ಲ ಡಬ್ಬದ ಮೇಲೇ ಇದೆ. ಡಬ್ಬದ ಮೇಲೆ ಇಲ್ಲದ್ದು ಕಿಟ್ಟದ, ಅಂದರೆ ಬೂದಿ ಕರಗಿ ಗಟ್ಟಿಯಾದ ಹೆಂಟೆಯ, ವಿಷಯ.

ಮರದ ಹೊಟ್ಟಿನ ಪೆಲೆಟ್ ಹಾಕುವಷ್ಟು ದಿನ, ಅದರ ಅಡಿಯಲ್ಲಿ ಗಾಳಿ ಬಿಡುವ ಜಾಲರಿಯ ನೆನಪೇ ಬರುವುದಿಲ್ಲ. ತೊಗಟೆ ಸೇರದ ಮರದಲ್ಲಿ ಬೂದಿ ಶೇ. 1ರ ಆಸುಪಾಸು ಅಷ್ಟೆ. ಒಣಹುಲ್ಲಿನ ಪೆಲೆಟ್‌ಗೆ ಬದಲಾಯಿಸಿದ ವಾರದಲ್ಲೇ ಕಾಟ ಶುರು. ಹುಲ್ಲಿನ ಬೂದಿಯಲ್ಲಿ ಸಿಲಿಕಾ ಜೊತೆಗೆ ಪೊಟ್ಯಾಸಿಯಂ ಜಾಸ್ತಿ. ಎರಡೂ ಕೂಡಿದರೆ 800–900 ಡಿಗ್ರಿಗೇ ಮೆತ್ತಗಾಗಿ, ಆರಿದಾಗ ಗಾಜಿನ ಹಾಗೆ ಜಾಲರಿಯ ತೂತುಗಳಿಗೆ ಕಚ್ಚಿಕೊಳ್ಳುತ್ತದೆ. ಕೆಲವು ತೂತು ಮುಚ್ಚಿದರೂ ಸಾಕು, ಗಾಳಿ ಒಂದೇ ಬದಿಯಿಂದ ನುಗ್ಗಿ ಉರಿ ಓರೆಯಾಗಿ ಇಳಿಯುತ್ತದೆ. ಈ ಬದಿ ಬೂದಿಯಾಗಿರುವಾಗ ಆ ಬದಿಯ ಪೆಲೆಟ್ ಇನ್ನೂ ಹೊಗೆಯಾಡುತ್ತಿರುತ್ತದೆ. ಸ್ಕ್ರೂಡ್ರೈವರಿನಿಂದ ಕೆತ್ತಿದರೆ ಕಿಟ್ಟದ ಜೊತೆ ಜಾಲರಿಯೂ ಸೊಟ್ಟಗಾಗುತ್ತದೆ.

ವಿಚಿತ್ರವೆಂದರೆ, ಶೇ. 20ರಷ್ಟು ಬೂದಿ ಕೊಡುವ ಭತ್ತದ ಹೊಟ್ಟು ಈ ತರಲೆ ಮಾಡುವುದಿಲ್ಲ. ಅದರ ಬೂದಿ ಹೆಚ್ಚೂಕಮ್ಮಿ ಬರೀ ಸಿಲಿಕಾ. ಕರಗದೆ ಹೊಟ್ಟಿನ ಆಕಾರದಲ್ಲೇ ಉಳಿಯುತ್ತದೆ. ಒಲೆಯ ಒಳಡಬ್ಬ ಬೇಗ ತುಂಬುತ್ತದೆ, ಅಷ್ಟೆ.

ತಪ್ಪು ಹುಲ್ಲಿನದ್ದು ಮಾತ್ರವಲ್ಲ, ಕೈಪಿಡಿಯದ್ದೂ ಹೌದು. ಪೂರ್ತಿ ಬೂದಿಯಾಗುವವರೆಗೆ ಫ್ಯಾನ್ ಓಡಿಸಿ ಎನ್ನುತ್ತದೆ ಅದು. ಆದರೆ ಜ್ವಾಲೆ ನಿಂತ ಮೇಲೆ ಒಳಗಿರುವುದು ಇದ್ದಿಲು. ಅದಕ್ಕೆ ಫ್ಯಾನ್ ಊದಿದರೆ ಕಮ್ಮಾರನ ತಿದಿ ಒತ್ತಿದ ಹಾಗೆಯೇ. ಜಾಲರಿಯ ಮೇಲೆ ಕಾವು ವಿಪರೀತ ಏರುವುದು ಆಗಲೇ, ಕಿಟ್ಟ ಕಟ್ಟುವುದೂ ಬಹುತೇಕ ಆಗಲೇ. ಜ್ವಾಲೆ ಮುಗಿಯುತ್ತಿದ್ದಂತೆ ಇದ್ದಿಲನ್ನು ಹೊರಗೆ ಸುರಿಯುವ ಅಭ್ಯಾಸ ಮಾಡಿಕೊಂಡರೆ ಜಾಲರಿಗೆ ವಾರಕ್ಕೊಮ್ಮೆ ತಂತಿ ಬ್ರಷ್ ಸಾಕು. ಅಲ್ಲಿಂದಾಚೆ ಈ ಒಲೆಯ ಮೇಲಿನ ಸಿಟ್ಟು ಇಳಿಯಿತು.

ದಿನದ ಕ್ರಮ ಇಷ್ಟು. ಪೆಲೆಟ್ ಜರಡಿ ಹಿಡಿಯಬೇಕು; ಪುಡಿ ಉಳಿದರೆ ಗಾಳಿಯ ದಾರಿ ಕಟ್ಟುತ್ತದೆ. ಒಂದನ್ನು ಮುರಿದಾಗ ಟಕ್ಕೆನ್ನಬೇಕು. ಪುಡಿಪುಡಿಯಾದರೆ ತೇವ ಹಿಡಿದಿದೆ, ಅಥವಾ ಒತ್ತಿರುವುದೇ ಸಡಿಲ. ಸರಿಯಾಗಿ ಒತ್ತಿದ ಪೆಲೆಟ್ ನೀರಿನಲ್ಲಿ ಮುಳುಗುತ್ತದೆ. ಆಮೇಲೆ ಉಬ್ಬಿ ಹಿಟ್ಟಾಗುತ್ತದೆ, ಹಾಗಾಗಿ ಚೀಲವನ್ನು ನೆಲಕ್ಕೆ ತಾಗಿಸಿ ಇಡುವಂತಿಲ್ಲ. ಮೇಲಿನ ಗಾಳಿತೂತುಗಳಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿ, ಮೇಲೆ ಒಂದು ಹಿಡಿ ಒಣ ಚೆಕ್ಕೆ ಹರಡಿ ಹಚ್ಚಿ. ಮೊದಲ ಒಂದೆರಡು ನಿಮಿಷ ಫ್ಯಾನ್ ಬೇಡ. ಅವಸರಪಟ್ಟು ಜೋರಾಗಿಟ್ಟರೆ ಜ್ವಾಲೆ ಹಾರಿಹೋಗಿ ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ಉರಿಯದ ಅನಿಲ. ಮುಖ ದೂರ ಇಟ್ಟು, ಉದ್ದನೆ ಕಡ್ಡಿಯಿಂದ ಮತ್ತೆ ಹಚ್ಚಬೇಕು.

ಕೊನೆಯ ಹತ್ತು ನಿಮಿಷ ಕಣ್ಣು ಅಲ್ಲೇ ಇರಲಿ. ಹಳದಿ ಜ್ವಾಲೆ ಗಿಡ್ಡವಾಗಿ ಚದುರಿ ತೆಳು ನೀಲಿಯಾಗುತ್ತದೆ: ಇನ್ನು ಉರಿಯುತ್ತಿರುವುದು ಕಾರ್ಬನ್ ಮಾನಾಕ್ಸೈಡ್. ಆಗ ಫ್ಯಾನ್ ಆರಿಸಿ, ಬಯಲಿಗೆ ಒಯ್ದು, ಬಿಗಿ ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ ಸುರಿಯಬೇಕು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ. ಕಾದ ಒಲೆಗೆ ನೀರು ಹೊಯ್ದರೆ ತಗಡು ಸೊಟ್ಟಗಾಗುತ್ತದೆ. ಬಕೆಟ್ ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ತೆಗೆದರೆ ಇದ್ದಿಲು ಮತ್ತೆ ಕೆಂಡವಾಗುತ್ತದೆ.

ಒಂದು ಕಿಲೋ ಮರದ ಪೆಲೆಟ್‌ಗೆ ಸುಮಾರು 200 ಗ್ರಾಂ ಇದ್ದಿಲು ಸಿಗುತ್ತದೆ. ಪೆಲೆಟ್‌ನ ಆಕಾರವೇ ಉಳಿದಿರುತ್ತದೆ, ಕೊಂಚ ಸಣಕಲಾಗಿ. ಅಂಗೈಯಲ್ಲಿ ಅಲುಗಿಸಿದರೆ ಗಾಜಿನ ಚೂರಿನಂತೆ ಕಿಣಿಕಿಣಿ ಎನ್ನುತ್ತದೆ. ಮಣ್ಣಿಗೆ ಹಾಕುವುದಾದರೆ ನೇರ ಹಾಕಬಾರದು, ಸಾರಜನಕವನ್ನು ಮೊದಲು ಅದೇ ಹೀರಿಕೊಳ್ಳುತ್ತದೆ. ಒಂದೆರಡು ವಾರ ಗೊಬ್ಬರದ ಗುಂಡಿಯಲ್ಲಿ ಬೆರೆತಿರಲಿ.

ಇಷ್ಟಾದರೂ ಒಂದು ಕೊರತೆಗೆ ಪರಿಹಾರವಿಲ್ಲ: ನಡುವೆ ಉರುವಲು ಸೇರಿಸುವಂತಿಲ್ಲ. ಉರಿ ಮೇಲಿಂದ ಕೆಳಕ್ಕೆ ಇಳಿಯುವ ಏರ್ಪಾಡು; ಮೇಲೆ ಹೊಸ ಪೆಲೆಟ್ ಬಿದ್ದರೆ ಬರೀ ಹೊಗೆ. ಬೇಕಾದಾಗ ಉರಿಸಿ, ಸಾಕೆನಿಸಿದಾಗ ಆರಿಸುವ ರೂಢಿಯವರಿಗೆ ಇದು ಹೇಳಿದ್ದಲ್ಲ. ಒಮ್ಮೆ ಹಚ್ಚಿದರೆ ಗಂಟೆಗಟ್ಟಲೆ ಕೆಲಸ ಇರುವವರು ಒಳಡಬ್ಬ ಎರಡು ಇಟ್ಟುಕೊಳ್ಳಿ, ಜಾಲರಿಯೂ ಒಂದು ಹೆಚ್ಚಿಗೆ ಇರಲಿ.