ಮುತ್ತಾತನ ಮಿಲಿಟರಿ ದಾಖಲೆ ತರಿಸಿಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಮೈಸೂರು ಲ್ಯಾನ್ಸರ್ಸ್‌ನಲ್ಲಿ, ಅಂದರೆ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ, ಇದ್ದವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. "ನಿಮ್ಮ ಪೂರ್ವಜರ ಸರ್ವಿಸ್ ರೆಕಾರ್ಡ್ ಲಂಡನ್‌ನಿಂದ ತರಿಸಿಕೊಡ್ತೀವಿ" ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಗಂಟುಬಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಮ್ಮಿಂದ 50,000 ರೂಪಾಯಿ ಕಿತ್ತಿದ್ದಾರೆ. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಅಮ್ಮನಿಗೆ ಮಾಡಿದ ಮೋಸಕ್ಕೆ.

ಅಮ್ಮನ ತಾತ ಲ್ಯಾನ್ಸರ್ಸ್‌ನಲ್ಲಿ ಜಮೆದಾರ್, ಅಂದರೆ ಆಗ ಭಾರತೀಯರಿಗೆ ಸಿಗುತ್ತಿದ್ದ ಕಿರಿಯ ಅಧಿಕಾರಿ ಪದವಿ. ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಈಜಿಪ್ಟ್‌ಗೆ ಹೋದರು, ಈಗ ಇಸ್ರೇಲ್‌ನಲ್ಲಿರುವ ಹೈಫಾ ಊರಿನ ಕದನದಲ್ಲಿ ಇದ್ದರು, ಜೀವಂತ ವಾಪಸ್ ಬಂದರು. ಮನೆಯಲ್ಲಿ ಉಳಿದಿದ್ದು ಇಷ್ಟೇ ಮಾತು, ಮತ್ತೆ ಎರಡು ಮೆಡಲ್. ಅಮ್ಮ ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ. ಎಂಬತ್ತರ ಹತ್ತಿರದ ಅಮ್ಮನಿಗೆ ಅವರ ಮುಖ ಒಂದು ಸಲ ನೋಡಬೇಕು ಅನ್ನುವ ಆಸೆ. ಆ ಆಸೆಯನ್ನು ಫೋನಿನಲ್ಲಿ ನಾನೇ ಹೇಳಿದ್ದೆ. ಅದನ್ನೇ ಹಿಡಿದುಕೊಂಡರು.

ಮೊದಲು "ಹುಡುಕುವ ಖರ್ಚು" ಅಂತ 18,000. ಆಮೇಲೆ "ದಾಖಲೆ ಸೀಕ್ರೆಟ್ ಲಿಸ್ಟ್‌ನಲ್ಲಿದೆ ಮೇಡಂ, ಬಿಡಿಸಿಕೊಳ್ಳೋಕೆ ಫೀಸ್ ಇದೆ" ಅಂತ 32,000. ನೂರು ವರ್ಷ ದಾಟಿದ ಕಾಗದದಲ್ಲಿ ಎಂಥ ಸೀಕ್ರೆಟ್ ರೀ? ಬ್ರಿಟಿಷರ ಕಾಲದಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕಚೇರಿ ಇಂಡಿಯಾ ಆಫೀಸ್. ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಅದರ ದಾಖಲೆಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಜನ ಬಂದು ನೋಡಿಕೊಂಡು ಹೋಗುತ್ತಾರೆ. ಕಾಪಿ ಬೇಕಾದರೆ ಅದಕ್ಕೆ ದುಡ್ಡು, ಅಷ್ಟೇ.

ಕೊನೆಗೊಂದು ದಪ್ಪ ಫೈಲ್ ಬಂತು. ಚಿನ್ನದ ಬಣ್ಣದ ಅಕ್ಷರ, ಕೆಂಪು ಸೀಲು. ಒಳಗೆ ಒಂದು ಫೋಟೋ. ಈಟಿ ಹಿಡಿದ ಕುದುರೆ ಸವಾರರು ಹೈಫಾ ಬೀದಿಯಲ್ಲಿ ಸಾಲಾಗಿ ಹೋಗುತ್ತಿದ್ದಾರೆ. ಅದರಲ್ಲಿ ಒಬ್ಬರ ಮುಖದ ಸುತ್ತ ಕೆಂಪು ವೃತ್ತ. "ಇವರೇ ನಿಮ್ಮ ಮುತ್ತಾತ." ಆ ಮುಖವನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದೆವು. ನೆಂಟರನ್ನೆಲ್ಲ ಕರೆದೆವು. ಅಮ್ಮ ಹಾರ ಹಾಕಿ ಅತ್ತರು. "ನನ್ನ ತಮ್ಮನ ಮೂಗು ಥೇಟ್ ಇವರದೇ" ಅಂತ ಬಂದವರಿಗೆಲ್ಲ ತೋರಿಸಿದರು.

ಸೆಪ್ಟೆಂಬರ್ 23 ಆ ಕದನವನ್ನು ನೆನೆಯುವ ಹೈಫಾ ದಿನ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಮಡಿದವರ ಹೆಸರು ಕೆತ್ತಿದ್ದಾರೆ. ಅಲ್ಲಿಗೆ ಆ ಫ್ರೇಮ್ ಹಿಡಿದುಕೊಂಡೇ ಹೋದೆವು. ಕೋಲಾರದ ಕಡೆಯವರೊಬ್ಬರು ಅದನ್ನು ನೋಡಿ ಸುಮ್ಮನೆ ನಿಂತುಬಿಟ್ಟರು. ಆಮೇಲೆ ತಮ್ಮ ಫೋನ್ ತೆಗೆದು ತೋರಿಸಿದರು. ಅದೇ ಫೋಟೋ. ಅದೇ ಮುಖ. ಅದೇ ಕೆಂಪು ವೃತ್ತ. "ಇದು ನಮ್ಮ ತಾತ ಅಂತ ಕೊಟ್ಟಿದ್ದಾರಲ್ಲ ಅಕ್ಕ" ಅಂದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದರು. ಯಾರೋ ಏನೋ, ನಮಗೆ ಸಂಬಂಧವೇ ಇಲ್ಲದವರಿಗೆ ಮನೆಯಲ್ಲಿ ದೀಪ ಹಚ್ಚಿದ್ದೇವೆ. ಆ ಫೋಟೋ ಇಂಟರ್‌ನೆಟ್‌ನಲ್ಲಿ ಯಾರು ಹುಡುಕಿದರೂ ಸಿಗುತ್ತದೆ, ಅವತ್ತೇ ಸಂಜೆ ನೋಡಿದೆ. ಯಾವ ಸವಾರನ ಹೆಸರೂ ಅದರಲ್ಲಿಲ್ಲ.

ರಾತ್ರಿಯೇ ಮೆಸೇಜ್ ಹಾಕಿದೆ. ಬಂದ ಉತ್ತರ ನೋಡಿ: "ಹಳೇ ಫೋಟೋದಲ್ಲಿ ಪೇಟ, ಮೀಸೆ ಎಲ್ಲಾ ಒಂದೇ ಥರ ಕಾಣುತ್ತೆ ಮೇಡಂ." ಇನ್ನೊಂದು ಮನೆಗೂ ಅದೇ ಮುಖ ಕೊಟ್ಟಿದ್ದೀರಲ್ಲ ಅಂದೆ. "ಇಬ್ಬರೂ ಸಂಬಂಧಿಕರಿರಬಹುದು, ಚೆಕ್ ಮಾಡಿಸಬೇಕಾ? ಬೇರೆ ಚಾರ್ಜ್ ಆಗುತ್ತೆ." ಇನ್ನೂ ದುಡ್ಡು ಕೇಳುವ ಧೈರ್ಯ! ದುಡ್ಡು ವಾಪಸ್ ಕೊಡಿ ಅಂದಾಗ ಬಂದಿದ್ದು ಇದು: "ನಿಮ್ಮ ತಾಯಿ ಖುಷಿಪಟ್ಟರಲ್ಲ ಮೇಡಂ, ಅದಕ್ಕೆ ಬೆಲೆ ಇಲ್ವಾ?" ಆಮೇಲೆ ಬ್ಲಾಕ್.

ಖುಷಿಪಟ್ಟರಲ್ಲ ಅಂತೆ. ಇವತ್ತಿಗೂ ಆ ಸಾಲು ಓದಿದರೆ ಮೈ ಉರಿಯುತ್ತದೆ.

ಆ ಫೈಲನ್ನು ಈಗ ಓದಿದರೆ ಒಂದೊಂದು ಪುಟವೂ ಸುಳ್ಳು. ತಾತ "1912ರಲ್ಲಿ ಕಿಂಗ್ಸ್ ಕಮಿಷನ್ ಪಡೆದ ಕ್ಯಾಪ್ಟನ್" ಅಂತೆ. ಕಿಂಗ್ಸ್ ಕಮಿಷನ್ ಅಂದರೆ ಬ್ರಿಟಿಷ್ ರಾಜರ ಹೆಸರಿನಲ್ಲಿ ಕೊಡುವ ಅಧಿಕಾರಿ ಪದವಿ. ಡಾಕ್ಟರುಗಳನ್ನು ಬಿಟ್ಟರೆ ಭಾರತೀಯರಿಗೆ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಕಿಂಗ್ಸ್ ಕಮಿಷನ್ ಸಿಗಲು ಶುರುವಾಗಿದ್ದೇ 1917ರಲ್ಲಿ. ಲ್ಯಾನ್ಸರ್ಸ್ ಇದ್ದಿದ್ದಂತೂ ಮೈಸೂರು ಮಹಾರಾಜರ ಸೈನ್ಯದಲ್ಲಿ. ಹೈಫಾದಲ್ಲಿ "ಮೇಜರ್ ದಳಪತ್ ಸಿಂಗ್ ಅವರ ಕೈಕೆಳಗೆ ನುಗ್ಗಿದರು" ಅಂತ ಬರೆದಿದ್ದಾರೆ. ದಳಪತ್ ಸಿಂಗ್ ಜೋಧಪುರ ಲ್ಯಾನ್ಸರ್ಸ್‌ನವರು, ಅದೇ ಕದನದಲ್ಲಿ ತೀರಿಕೊಂಡರು. ನಮ್ಮ ಮೈಸೂರಿನವರ ಒಂದು ತುಕಡಿ ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿತ್ತು. ಜೋಧಪುರದ ಕಥೆಯನ್ನು ಹಾಗೇ ಎತ್ತಿ ನಮ್ಮ ತಾತನಿಗೆ ಅಂಟಿಸಿದ್ದಾರೆ. ಜಮೆದಾರ್ ಅನ್ನುವುದು ಕಮ್ಮಿ ಗೌರವವೇ? ಆ ಮನುಷ್ಯ ದುಡಿದು ಸಂಪಾದಿಸಿದ ಪದವಿ ಅದು. ಅದನ್ನು ಅಳಿಸಿ ಕ್ಯಾಪ್ಟನ್ ಮಾಡಲು ಇವರು ಯಾರು?

ಇಷ್ಟೆಲ್ಲ ದುಡ್ಡು ತಗೊಂಡವರು ಒಂದೇ ಒಂದು ಸಲವೂ ಮೆಡಲ್ ತೋರಿಸಿ ಅನ್ನಲಿಲ್ಲ. ನಿಜವಾಗಿ ಹುಡುಕುವವರು ಮೊದಲು ಕೇಳುವುದೇ ಅದನ್ನು. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಇದ್ದರೆ ಅದರ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪದವಿ, ಹೆಸರು, ದಳ, ಮೂರನ್ನೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ. ವಿಕ್ಟರಿ ಮೆಡಲ್‌ಗೂ ಅಂಚಿನಲ್ಲೇ. 1914-15 ಸ್ಟಾರ್ ಆದರೆ ಹಿಂಭಾಗದಲ್ಲಿ. ನಮ್ಮದರಲ್ಲಿ ಜಮೆದಾರ್ ಅಂತ ಸ್ಪಷ್ಟವಾಗಿ ಇದೆ. ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ.

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಿ, ಬಿಟ್ಟಿ. ಮೈಸೂರು ಸಂಸ್ಥಾನದ ಸರ್ಕಾರಿ ಫೈಲುಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ದಾಖಲೆಗಳನ್ನು 'ಅಭಿಲೇಖ್ ಪಟಲ್' ಅನ್ನುವ ತಾಣದಲ್ಲಿ ಕೂತಲ್ಲೇ ಹುಡುಕಬಹುದು. ಒಬ್ಬ ಜಮೆದಾರರ ಫೋಟೋ ಸಿಕ್ಕೇಬಿಡುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು. ಖಾತ್ರಿ ಕೊಟ್ಟವನು ಕಳ್ಳ, ಅಷ್ಟು ತಿಳಿದುಕೊಳ್ಳಿ. ಫೈಲ್ ನಂಬರ್, ಪುಟದ ನಂಬರ್ ಹೇಳದೆ ಬರೀ ಸೀಲು ತೋರಿಸಿದವನೂ ಕಳ್ಳನೇ.

ನಾನು ಮತ್ತು ಕೋಲಾರದ ಆ ಮನೆಯವರು ಇಬ್ಬರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟಿದ್ದೇವೆ. ಆ ಕೆಂಪು ವೃತ್ತದ ಫೋಟೋ ನಿಮ್ಮ ಮನೆಗೂ ಬಂದಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ದುಡ್ಡು ಕಳಿಸಿದ ರಸೀದಿ, ಚಾಟ್ ಯಾವುದನ್ನೂ ಡಿಲೀಟ್ ಮಾಡದೆ ನೀವೂ ದೂರು ಕೊಡಿ.